ಕೋಟೆ ಹೇಳುವ ಕತೆಗೆ ಕಿವಿಗೊಡು

ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ದೊಡ್ಡಮ್ಮ, ಈ ಜಾರ್ಜಿಯಾದಲ್ಲಿ ಯಾವ ಬೆಟ್ಟದ ನೆತ್ತಿಯ ಮೇಲೆ ಒಂದು ಪಾಳು ಗೋಡೆ ಕಂಡರೂ ಸಾಕು, ತಮಾರ್ ರಾಣಿ ಕಟ್ಟಿಸಿದ್ದು ಅಂತಾರೆ. ಒಬ್ಬಳೇ ಹೆಂಗಸು ಇಷ್ಟೊಂದು ಕೋಟೆ ಕಟ್ಟಿಸೋಕೆ ಆಗುತ್ತಾ? ಎಲ್ಲ ಕಟ್ಟುಕತೆ ತಾನೇ?" ಅಂದೆ. ಪಕ್ಕದಲ್ಲಿದ್ದ ನಿನ್ನ ಗೆಳತಿ, ಆ ರಾಣಿ ರಾತ್ರಿ ದಾರಿಹೋಕರನ್ನು ಕೋಟೆಗೆ ಕರೆಸಿಕೊಂಡು ಬೆಳಗಾಗುವ ಹೊತ್ತಿಗೆ ಕೊಂದು ಹೊಳೆಗೆ ಎಸೆಯುತ್ತಿದ್ದಳಂತೆ ಎಂದು ಎಲ್ಲೋ ಓದಿದ್ದನ್ನು ಹೇಳಿದಳು. ಇಬ್ಬರೂ ನಕ್ಕಿರಿ. ನನಗೆ ನಗು ಬರಲಿಲ್ಲ. ಹೊತ್ತಾಗಿತ್ತು, ನಿನಗೆ ಮರುದಿನ ಪರೀಕ್ಷೆ ಬೇರೆ ಇತ್ತು. ಅದಕ್ಕೇ ಆಗ ಸುಮ್ಮನಾದೆ.

ಈಗ ಪರೀಕ್ಷೆ ಮುಗಿದಿದೆ. ರಜೆಯಲ್ಲಿ ಮೊದಲು ದಕ್ಷಿಣದ ವರ್ಡ್ಜಿಯಾ, ಆಮೇಲೆ ಹಿಮಬೆಟ್ಟಗಳ ಸ್ವಾನೇತಿ ಎಂದು ಹೊರಟಿದ್ದೀರಿ. ಹೋಗಿ ಬನ್ನಿ. ಡಾಕ್ಟರಾಗಲು ಅಷ್ಟು ದೂರ ಹೋದವಳು ಆಸ್ಪತ್ರೆ, ಹಾಸ್ಟೆಲ್ಲು ಎರಡನ್ನೇ ನೋಡಿ ಬಂದರೆ ನನಗೇ ಬೇಸರವಾಗುತ್ತಿತ್ತು. ಆದರೆ ಹೊರಡುವ ಮೊದಲು ಈ ಕಾಗದ ಓದು. ಮೂವತ್ತೊಂದು ವರ್ಷ ಚಿತ್ರದುರ್ಗದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು, ವರ್ಷ ವರ್ಷವೂ ಮಕ್ಕಳನ್ನು ಕಟ್ಟಿಕೊಂಡು ಏಳು ಸುತ್ತಿನ ಕೋಟೆ ಹತ್ತಿದವಳು ನಾನು. ಪಾಳು ಕೋಟೆಯೆದುರು ಹೇಗೆ ನಿಲ್ಲಬೇಕು ಎನ್ನುವುದನ್ನು ನಾನು ಒಂದು ತಪ್ಪು ಮಾಡಿ ಕಲಿತೆ. ಆ ತಪ್ಪು ನೀನು ಮಾಡಬಾರದು.

ಕೆಲಸಕ್ಕೆ ಸೇರಿದ ಎರಡನೇ ವರ್ಷವೋ ಮೂರನೇ ವರ್ಷವೋ ಇರಬೇಕು. ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಓಬವ್ವನ ಕಿಂಡಿಯ ಹತ್ತಿರ ನಿಂತಿದ್ದೆ. ಅಲ್ಲಿ ಕಡಲೆಕಾಯಿ ಮಾರುತ್ತಿದ್ದ ಒಬ್ಬ ಅಜ್ಜಿ ಬುಟ್ಟಿ ಕೆಳಗಿಟ್ಟು, ಕೋಟೆಯ ಕಾವಲುಗಾರ ಕಹಳೆಯ ಮುದ್ದಹನುಮ ಊಟಕ್ಕೆ ಕೂತದ್ದು, ಅವನ ಹೆಂಡತಿ ಓಬವ್ವ ನೀರಿಗೆ ಬಂದದ್ದು, ಕಿಂಡಿಯಲ್ಲಿ ಶತ್ರುವಿನ ತಲೆ ಕಂಡದ್ದು, ಅವಳು ಒನಕೆ ಎತ್ತಿದ್ದು ಎಲ್ಲವನ್ನೂ ತಾನೇ ಕಂಡವಳ ಹಾಗೆ ಮಕ್ಕಳಿಗೆ ಹೇಳತೊಡಗಿದಳು. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ನನಗೆ ಆಗಷ್ಟೇ ಬಿ.ಎಡ್. ಮುಗಿದ ಬಿಸಿ. "ಇದೆಲ್ಲ ಯಾವ ಶಾಸನದಲ್ಲಿದೆ ಅಜ್ಜಿ?" ಎಂದು ಮಕ್ಕಳೆದುರಿಗೇ ಕೇಳಿಬಿಟ್ಟೆ. ಅಜ್ಜಿ ನನ್ನನ್ನು ಒಂದು ಗಳಿಗೆ ನೋಡಿ, "ಶಾಸನ ಬರ್ಯೋರು ಕಾವಲುಗಾರನ ಮನಿ ಬಾಗ್ಲಿಗೆ ಯಾವತ್ತು ಬಂದಿದ್ರವ್ವ?" ಅಂದಳು. ಬುಟ್ಟಿ ಎತ್ತಿಕೊಂಡು ಹೊರಟೇ ಹೋದಳು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಶಾಸನ ಬರೆಸಲು ಅಧಿಕಾರ ಬೇಕು, ಹಣ ಬೇಕು, ಕಲ್ಲು ಬೇಕು. ಕಾವಲುಗಾರನ ಹೆಂಡತಿಯ ಹತ್ತಿರ ಇದ್ದದ್ದು ಒಂದು ಒನಕೆ, ಅವಳ ನೆನಪನ್ನು ಉಳಿಸಿದವರ ಹತ್ತಿರ ಇದ್ದದ್ದು ಬಾಯಿ ಮಾತ್ರ. ಅಂದಿನಿಂದ ಕೋಟೆಗೆ ಹೋದಾಗ "ಇದು ನಿಜವೋ ಸುಳ್ಳೋ" ಎಂಬ ಒಂದೇ ಪ್ರಶ್ನೆಗೆ ನಾನು ನಿಲ್ಲುವುದಿಲ್ಲ. ಈ ಕತೆಯನ್ನು ಯಾರು ಹೇಳಿದರು, ಯಾವ ಕಾಲದಲ್ಲಿ ಹೇಳಿದರು, ಯಾಕೆ ಹೇಳಿದರು ಎಂದೂ ಕೇಳಿಕೊಳ್ಳುತ್ತೇನೆ. ನಿನಗೆ ನಾನು ಕೊಡಬೇಕಾದ ಕಿವಿಮಾತು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ಆ ತಮಾರ್ ಯಾರೆಂದು ತಿಳಿದುಕೊಂಡು ಹೋಗು. ನಿನ್ನ ಪರ್ಸಿನಲ್ಲಿ 50 ಲಾರಿಯ ನೋಟಿದ್ದರೆ ತೆಗೆದು ನೋಡು, ಅದರ ಮೇಲಿರುವ ಮುಖ ಅವಳದೇ. ಬಗ್ರಾತಿಯೋನಿ ಮನೆತನದವಳು. ತಂದೆ ಮೂರನೇ ಗಿಯೋರ್ಗಿಗೆ ಗಂಡುಮಕ್ಕಳಿರಲಿಲ್ಲ. ಸರದಾರರ ದಂಗೆಯೊಂದನ್ನು ಅಡಗಿಸಿದ ಮೇಲೆ ಅವನು 1178ರಲ್ಲಿ ಮಗಳಿಗೆ ಕಿರೀಟವಿಟ್ಟು ತನ್ನ ಪಕ್ಕದಲ್ಲಿ ಕೂರಿಸಿಕೊಂಡ. 1184ರಲ್ಲಿ ಅವನು ತೀರಿಕೊಂಡಾಗ ಅವಳಿಗೆ ಹೆಚ್ಚೆಂದರೆ ಇಪ್ಪತ್ತೈದು ವರ್ಷ, ಹೆಚ್ಚು ಕಡಿಮೆ ನಿನ್ನ ವಯಸ್ಸು. ಒಮ್ಮೆ ಆದ ಪಟ್ಟಾಭಿಷೇಕ ಸಾಲದೆಂದು ದೊಡ್ಡವರು ಎರಡನೇ ಸಲ ಮಾಡಿಸಿದರು. ರಾಜ್ಯದ ಖಜಾನೆ ನೋಡಿಕೊಳ್ಳುತ್ತಿದ್ದ ಕುತ್ಲು ಅರ್ಸ್ಲಾನ್ ಎಂಬವನು, ತೀರ್ಮಾನಗಳನ್ನೆಲ್ಲ ನಮ್ಮ ಸಭೆ ಮಾಡುತ್ತದೆ, ನೀನು ಅದಕ್ಕೆ ಒಪ್ಪಿಗೆ ಹಾಕಿದರೆ ಸಾಕು ಎಂದ. ಅವಳು ಅವನನ್ನು ಸೆರೆಯಲ್ಲಿಟ್ಟಳು. ಅವನ ಕಡೆಯವರು ಶಸ್ತ್ರ ಹಿಡಿದು ನಿಂತಾಗ ಸೈನ್ಯವನ್ನು ನುಗ್ಗಿಸದೆ ಇಬ್ಬರು ಹಿರಿಯ ಹೆಂಗಸರನ್ನು ಸಂಧಾನಕ್ಕೆ ಕಳಿಸಿದಳು. ಜಗಳ ತಣ್ಣಗಾಯಿತು.

ಮದುವೆಯನ್ನೂ ಆ ದೊಡ್ಡವರೇ ಗೊತ್ತು ಮಾಡಿದರು. ಗಂಡು ರಷ್ಯಾದ ರಾಜಮನೆತನದ ಯೂರಿ. 1185ರಲ್ಲಿ ಆದ ಮದುವೆ ಎರಡೇ ವರ್ಷಕ್ಕೆ ಮುರಿಯಿತು. ಅವನ ಕುಡಿತ, ಕೆಟ್ಟ ನಡತೆ ಸಹಿಸಲಾಗದೆ ಅವಳೇ ಬಿಡುಗಡೆ ಪಡೆದಳು. ಹನ್ನೆರಡನೇ ಶತಮಾನದಲ್ಲಿ, ಧರ್ಮಗುರುಗಳ ಎದುರು ನಿಂತು! ಅವನು ಅತೃಪ್ತ ಸರದಾರರನ್ನು ಕಟ್ಟಿಕೊಂಡು 1191ರಲ್ಲಿ ದಂಡೆತ್ತಿ ಬಂದ. ಸೋತು ಸಿಕ್ಕಿಬಿದ್ದವನನ್ನು ಅವಳು ಜೀವಸಹಿತ ಬಿಟ್ಟು ಕಳಿಸಿದಳು. ಎರಡನೇ ಗಂಡ ದಾವಿತ್ ಸೊಸ್ಲಾನ್‌ನನ್ನು ತಾನೇ ಆರಿಸಿಕೊಂಡಳು. ಅವನು ಸೇನೆಗೆ ಬೆನ್ನೆಲುಬಾದ. 1195ರಲ್ಲಿ ಶಂಕೋರ್, ಕೆಲ ವರ್ಷಗಳ ಬಳಿಕ ಬಸಿಯಾನಿ, ಹೀಗೆ ದೊಡ್ಡ ಯುದ್ಧಗಳನ್ನು ಗೆದ್ದರು. ಅವಳು 1213ರಲ್ಲಿ ತೀರಿಕೊಂಡಳೆಂದು ಸಾಮಾನ್ಯವಾಗಿ ಲೆಕ್ಕ. ಅವಳ ಕಾಲದಲ್ಲಿ ಯಾರ ತಲೆಯನ್ನೂ ತೆಗೆಸಲಿಲ್ಲ, ಯಾರ ಕಣ್ಣನ್ನೂ ಕೀಳಿಸಲಿಲ್ಲ ಎಂದು ಅಲ್ಲಿಯ ಚರಿತ್ರಕಾರ ಬರೆದಿಟ್ಟಿದ್ದಾನೆ. ಅವಳ ತಂದೆಯೇ ದಾಯಾದಿಯ ಕಣ್ಣು ಕೀಳಿಸಿದ್ದ ಕಾಲ ಅದು ಎಂದು ನೆನೆದರೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಅಲ್ಲಿಯ ಜನ ಅವಳನ್ನು 'ತಮಾರ್ ಮೆಪೆ' ಎನ್ನುತ್ತಾರೆ, ಗಮನಿಸಿದ್ದೀಯಾ? ಮೆಪೆ ಅಂದರೆ ರಾಜ, ಆಳುವವನು. ಬರೀ ರಾಜನ ಹೆಂಡತಿಗೆ ಬೇರೆ ಪದವಿದೆ, ದೆದೊಪಾಲಿ. ಅವಳು ಹೆಂಡತಿಯಾಗಿ ಸಿಂಹಾಸನದ ಪಕ್ಕ ಕೂತವಳಲ್ಲ, ತಾನೇ ಆಳಿದವಳು ಎಂಬುದನ್ನು ಆ ಭಾಷೆ ಎಂಟುನೂರು ವರ್ಷದಿಂದ ನೆನಪಿಟ್ಟಿದೆ. ನೀನಿರುವ ಟಿಬಿಲಿಸಿಯಲ್ಲಿ ಯಾರ ಜೊತೆಗಾದರೂ ಅವಳ ಮಾತು ಬಂದಾಗ ನೀನೂ ಹಾಗೇ ಕರೆ. ಎದುರಿನವರ ಮುಖ ಅರಳುವುದನ್ನು ನೋಡು.

ಈಗ ದಾರಿಗೆ ಬರೋಣ. ವರ್ಡ್ಜಿಯಾದಲ್ಲಿ ನೀನು ಕಾಣುವುದು ಬೆಟ್ಟದ ಮುಖವನ್ನೇ ಕೊರೆದು ಮಾಡಿದ ಗುಹೆಗಳ ಊರು. ಮ್ಟ್ಕ್ವಾರಿ ನದಿಯ ಎಡದಂಡೆಯಲ್ಲಿ ಸುಮಾರು ಅರ್ಧ ಕಿಲೋಮೀಟರು ಉದ್ದಕ್ಕೆ, ಅಂತಸ್ತಿನ ಮೇಲೆ ಅಂತಸ್ತಾಗಿ ಗುಹೆಗಳು. ತಂದೆ ಕೋಟೆಯೆಂದು ಶುರು ಮಾಡಿದ್ದನ್ನು ಮಗಳು ಮಠವಾಗಿ ಬೆಳೆಸಿದಳು. ಗುಡಿ, ಊಟದ ಮನೆ, ದ್ರಾಕ್ಷಾರಸದ ಹಗೇವುಗಳು, ದೂರದಿಂದ ನೀರು ತರುವ ಸುರಂಗ, ಎಲ್ಲ ಒಳಗೇ. ಹೊರಗಿನವರಿಗೆ ಅಲ್ಲೊಂದು ಊರಿದೆಯೆಂದೇ ತಿಳಿಯುತ್ತಿರಲಿಲ್ಲ. 1283ರ ಭೂಕಂಪದಲ್ಲಿ ಬೆಟ್ಟದ ಮುಂಭಾಗವೇ ಕಳಚಿಬಿತ್ತು. ಇವತ್ತು ನಾವು ಸಾಲುಸಾಲಾಗಿ ಕಾಣುವ ಗುಹೆಗಳು ಹಾಗೆ ಬಯಲಾದವು. ಫೋಟೋದಲ್ಲಿ ಅಷ್ಟು ಚೆಂದ ಕಾಣುವುದು ನಿಜದಲ್ಲಿ ಒಂದು ದೊಡ್ಡ ಗಾಯ ಎಂಬುದು ನೆನಪಿರಲಿ.

ಆ ಜಾಗದ ಹೆಸರಿಗೆ ಒಂದು ಕತೆಯಿದೆ. ತಮಾರ್ ಚಿಕ್ಕವಳಿದ್ದಾಗ ಚಿಕ್ಕಪ್ಪನ ಜೊತೆ ಬೇಟೆಗೆ ಬಂದು ಗುಹೆಗಳಲ್ಲಿ ದಾರಿ ತಪ್ಪಿದಳಂತೆ. ಅವನು ಕೂಗಿ ಹುಡುಕಿದಾಗ ಒಳಗಿನಿಂದ "ಅಕ್ ವರ್, ಡ್ಜಿಯಾ", ಅಂದರೆ "ಇಲ್ಲಿದ್ದೀನಿ, ಚಿಕ್ಕಪ್ಪ" ಎಂಬ ದನಿ ಬಂತಂತೆ. ಅದೇ ವರ್ಡ್ಜಿಯಾ ಆಯಿತಂತೆ. ಹೆಸರು ಮೊದಲು ಬಂದು, ಅದಕ್ಕೆ ಒಪ್ಪುವ ಕತೆ ಆಮೇಲೆ ಹುಟ್ಟಿದ್ದು ಎಂದು ನಿನಗೂ ನನಗೂ ಕಾಣುತ್ತದೆ. ನಮ್ಮಲ್ಲಿ ಊರೂರಿಗೂ ಇಂಥ ಕತೆಗಳಿಲ್ಲವೇ? ಹಾಗೆಂದು ಎಸೆದುಬಿಡಬೇಡ. ಬೆಟ್ಟದ ಕತ್ತಲೆಯಿಂದ ಒಂದು ಹೆಣ್ಣುಮಗು "ನಾನಿಲ್ಲಿದ್ದೀನಿ" ಎನ್ನುವ ದನಿಯನ್ನು ಜನ ಯಾಕೆ ಇಷ್ಟು ಜೋಪಾನ ಮಾಡಿದರು ಎಂದು ಯೋಚಿಸು. ಪಾಳು ಬಿದ್ದ ಮೇಲೂ ಅವಳು ಅಲ್ಲಿದ್ದಾಳೆ ಎಂದು ನಂಬುವುದು ಅವರಿಗೆ ಬೇಕಾಗಿತ್ತು.

ಕತೆ ಕೇಳಿದ ಮೇಲೆ ಗುಡಿಯ ಒಳಗೆ ಹೋಗು. ಗೋಡೆಯ ಮೇಲೆ ತಂದೆ ಮಗಳ ಚಿತ್ರವಿದೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲು. ಮದುವೆಯಾದ ಹೆಂಗಸರು ತಲೆಗೆ ಕಟ್ಟುತ್ತಿದ್ದ ವಸ್ತ್ರ ಅವಳ ಚಿತ್ರದಲ್ಲಿಲ್ಲ. ಅವಳ ಹೆಸರಿನ ಜೊತೆ ದೀರ್ಘಾಯುಸ್ಸಿನ ಹಾರೈಕೆ ಬರೆದಿದೆ, ತಂದೆಯ ಹೆಸರಿನ ಜೊತೆ ಇಲ್ಲ. ಅಂದರೆ ಚಿತ್ರ ಬರೆದಾಗ ತಂದೆ ತೀರಿಕೊಂಡಿದ್ದ, ಮಗಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಇಷ್ಟರಿಂದಲೇ ಪಂಡಿತರು ಆ ಚಿತ್ರದ ಕಾಲವನ್ನು 1184ರಿಂದ ಒಂದೆರಡು ವರ್ಷದ ಒಳಗೆ ಹಿಡಿದಿಟ್ಟಿದ್ದಾರೆ. ಒಂದು ತಲೆವಸ್ತ್ರ, ಒಂದು ಹಾರೈಕೆ ಎರಡೇ ಸಾಕಾದವು. ಕಣ್ಣಿಟ್ಟು ನೋಡುವುದು ಅಂದರೆ ಹೀಗೆ. ರೋಗಿಯ ಉಗುರಿನ ಬಣ್ಣ ನೋಡಿ ನಿಮ್ಮ ಮೇಷ್ಟ್ರು ರೋಗ ಹೇಳಿದರು ಎಂದು ನೀನೇ ಒಮ್ಮೆ ಬೆರಗಾಗಿ ಹೇಳಿದ್ದೆಯಲ್ಲ, ಅದೇ ವಿದ್ಯೆ ಇದು.

ವರ್ಡ್ಜಿಯಾಕ್ಕೆ ಹೋಗುವ ದಾರಿಯಲ್ಲೇ ಖೆರ್ತ್ವಿಸಿ ಕೋಟೆ ಸಿಗುತ್ತದೆ, ಎರಡು ನದಿಗಳು ಕೂಡುವ ಕಡೆ, ಬಂಡೆಯ ಮೇಲೆ. ಅಲ್ಲಿ ಹೇಳುವ ಕತೆ ಕೇಳಿದರೆ ನಿನಗೆ ನಮ್ಮ ಜಕಣಾಚಾರಿ ನೆನಪಾಗದೆ ಇರನು. ತಮಾರ್ ಗೋಪುರ ಕಟ್ಟಿಸಲು ಒಬ್ಬ ಗುರುವಿಗೂ ಅವನ ಶಿಷ್ಯನಿಗೂ ಹೇಳಿದಳಂತೆ. ಶಿಷ್ಯನ ಕೆಲಸ ಗುರುವಿನದನ್ನು ಮೀರಿಸಿತಂತೆ. ಅವಮಾನ ತಾಳಲಾರದೆ ಗುರು ಕೋಟೆಯಿಂದ ಹಾರಿ ಪ್ರಾಣ ಬಿಟ್ಟನಂತೆ. ಬೇಲೂರಿನಲ್ಲಿ ಮಗ ತಪ್ಪು ತೋರಿಸಿಕೊಟ್ಟದ್ದಕ್ಕೆ ತಂದೆ ಕೈ ಕತ್ತರಿಸಿಕೊಂಡ, ಖೆರ್ತ್ವಿಸಿಯಲ್ಲಿ ಗುರು ಜೀವವನ್ನೇ ಬಿಟ್ಟ. ಈಗ ನಿಂತಿರುವ ಗೋಡೆಗಳು ಮಾತ್ರ 14ನೇ ಶತಮಾನದ ನಡುವಿನವು, ತಮಾರ್ ತೀರಿಕೊಂಡು ನೂರನಲವತ್ತು ವರ್ಷದ ಮೇಲಿನವು. ಇನ್ನೂ ಸ್ವಲ್ಪ ಮುಂದೆ ನದಿಯ ಮೇಲಿನ ಬೆಟ್ಟದಲ್ಲಿ ತ್ಮೊಗ್ವಿ ಕೋಟೆಯ ಅವಶೇಷ ಕಾಣುತ್ತದೆ. ಅದು ಅವಳು ಹುಟ್ಟುವ ಎಷ್ಟೋ ಮುಂಚಿನದು, 11ನೇ ಶತಮಾನದ ಭೂಕಂಪವೊಂದರಲ್ಲೇ ಒಮ್ಮೆ ಕುಸಿದಿತ್ತು. ಒಂದೇ ಕಣಿವೆಯಲ್ಲಿ ಅವಳ ಮುಂಚಿನ ಕೋಟೆ, ಅವಳದೇ ಗುಹೆಯೂರು, ಅವಳ ನಂತರದ ಗೋಡೆ ಮೂರೂ ಸಿಗುತ್ತವೆ. ಜನರ ಬಾಯಲ್ಲಿ ಮಾತ್ರ ಮೂರಕ್ಕೂ ಅವಳದೇ ಹೆಸರು.

ಯಾಕೆ ಹೀಗೆ? ಅವಳು ಹೋದ ಮೇಲೆ ಏನಾಯಿತು ಎಂದು ನೋಡು, ಕಾರಣ ಗೊತ್ತಾಗುತ್ತದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಮಂಗೋಲರ ಮೊದಲ ದಂಡು ಬಂತು. 1226ರಲ್ಲಿ ಖ್ವಾರಜ್ಮ್‌ನ ಜಲಾಲುದ್ದೀನ್ ಟಿಬಿಲಿಸಿಯನ್ನು ಹಿಡಿದು ಹಾಳುಗೆಡವಿದ. 1236ರ ಹೊತ್ತಿಗೆ ಮಂಗೋಲರು ಮತ್ತೆ ಬಂದು ದೇಶವನ್ನೇ ಆವರಿಸಿದರು. ಸಿಂಹಾಸನದಲ್ಲಿದ್ದ ತಮಾರಳ ಮಗಳು ರುಸುದಾನ್ ರಾಜಧಾನಿ ಬಿಟ್ಟು ಪಶ್ಚಿಮಕ್ಕೆ ಓಡಬೇಕಾಯಿತು. ತಲೆಮಾರುಗಳ ಕಾಲ ಕಪ್ಪ ತೆತ್ತು ಬಸವಳಿದ ಜನ ಹಿಂದಿರುಗಿ ನೋಡಿದಾಗ ಕಂಡ ಕೊನೆಯ ಒಳ್ಳೆಯ ದಿನಗಳು ತಮಾರಳವು. ಬೆಟ್ಟದ ಮೇಲೆ ಗಟ್ಟಿಯಾಗಿ ನಿಂತದ್ದೇನು ಕಂಡರೂ ಅವಳದೇ ಇರಬೇಕು ಎಂದುಕೊಂಡರು. ಅದು ಸುಳ್ಳು ಹೇಳುವ ಆಸೆಯಿಂದ ಬಂದದ್ದಲ್ಲ ಪುಟ್ಟಿ. ತಾಯಿಯನ್ನು ಕಳೆದುಕೊಂಡ ಮನೆಯಲ್ಲಿ ಪ್ರತಿ ಪಾತ್ರೆಯೂ "ಅಮ್ಮ ಇಟ್ಟದ್ದು" ಆಗುತ್ತದೆ. ಕೆಲವನ್ನು ಅಮ್ಮ ಇಟ್ಟಿರುವುದಿಲ್ಲ, ಆದರೆ ಹಾಗೆ ಹೇಳುವ ಮಕ್ಕಳ ದುಃಖ ಸುಳ್ಳಲ್ಲ.

ಇನ್ನು ನಿನ್ನ ಗೆಳತಿ ಹೇಳಿದ ಕತೆ. ರಷ್ಯಾದ ಗಡಿಯ ಹತ್ತಿರ, ದರಿಯಾಲ್ ಕಮರಿಯಲ್ಲಿ ತೆರೆಕ್ ನದಿಯ ಮೇಲೆ ಒಂದು ಪಾಳು ಕೋಟೆಯಿದೆ. ಅದಕ್ಕೂ ತಮಾರಳ ಹೆಸರೇ. 1841ರಲ್ಲಿ ರಷ್ಯಾದ ಕವಿ ಲೆರ್ಮೊಂತೊವ್ ಅದನ್ನಿಟ್ಟುಕೊಂಡು ಒಂದು ಪದ್ಯ ಬರೆದ. ಅದರ ತಮಾರಾ ರೂಪವತಿ, ಮಾಯಗಾತಿ, ಕೊಲೆಗಾತಿ. ದಾರಿಹೋಕರನ್ನು ಒಂದು ರಾತ್ರಿಗೆ ಕರೆದು ಬೆಳಗ್ಗೆ ನದಿಗೆ ನೂಕುವವಳು. ಪದ್ಯ ಸೊಗಸಾಗಿತ್ತು. ಅದರ ಮೇಲೆ ಬಾಲಕಿರೆವ್ ಸಂಗೀತ ಕಟ್ಟಿದ, 1912ರಲ್ಲಿ ಅದೇ ಸಂಗೀತಕ್ಕೆ ಬ್ಯಾಲೆ ಆಯಿತು, ಯುರೋಪಿನ ತುಂಬ ಹೆಸರು ಮಾಡಿತು. ಆಳಿದ ತಮಾರಳ ಬದುಕಿನಲ್ಲಿ ಇಂಥದ್ದೊಂದು ಸಂಗತಿಗೂ ಆಧಾರವಿಲ್ಲ. ಆದರೂ ಇವತ್ತಿಗೂ ಪ್ರವಾಸಕ್ಕೆ ಬಂದವರ ಬಾಯಲ್ಲಿ ಆ ಕತೆಯೇ ಮೊದಲು ಬರುತ್ತದೆ.

ಇಲ್ಲಿ ಒಂದು ಮಾತನ್ನು ಹೆಣ್ಣಾಗಿ ನಿನಗೆ ಹೇಳಬೇಕು. ಕತೆಗಳೆಲ್ಲ ಒಂದೇ ಜಾತಿಯವಲ್ಲ. ಬೆಟ್ಟದ ಜನ ಕಟ್ಟಿದ ಕತೆಯಲ್ಲಿ ತಮಾರ್ ಮಗುವಾಗಿ ದಾರಿ ತಪ್ಪುತ್ತಾಳೆ, ಗೋಪುರ ಕಟ್ಟಿಸುತ್ತಾಳೆ, ಕಾಯಿಲೆ ವಾಸಿ ಮಾಡುತ್ತಾಳೆ. ಆ ನಾಡನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡ ದೇಶದಿಂದ ಬಂದವನ ಪದ್ಯದಲ್ಲಿ ಅವಳು ಮೋಹಿಸಿ ಕೊಲ್ಲುವವಳಾಗುತ್ತಾಳೆ. ಆಳಿದ ಗಂಡಸಿನ ಬಗ್ಗೆ ಜನ ಅವನ ಯುದ್ಧ, ಅವನ ತೀರ್ಪು ಕೇಳುತ್ತಾರೆ. ಆಳಿದ ಹೆಂಗಸಿನ ಬಗ್ಗೆ ಬಹಳ ಬೇಗ ಅವಳ ಮಂಚದ ಸುದ್ದಿ ಕೇಳುತ್ತಾರೆ. ಕುಡುಕ ಗಂಡನನ್ನು ಬಿಟ್ಟು, ಬೇಕಾದವನನ್ನು ಆರಿಸಿಕೊಂಡು, ಎದುರು ಬಿದ್ದವರನ್ನು ಗೆದ್ದೂ ಕ್ಷಮಿಸಿದವಳು ಆರುನೂರು ವರ್ಷ ಕಳೆದ ಮೇಲೆ ಕೊಲೆಗಾತಿಯಾದಳು ನೋಡು. ಆ ಕತೆ ಕೇಳಿ ನೀನು ನಕ್ಕೆಯಲ್ಲ, ಅದಕ್ಕೇ ನನಗೆ ಸಂಕಟವಾಯಿತು. ನಾಳೆ ನೀನೂ ಒಂದು ಆಸ್ಪತ್ರೆಯಲ್ಲಿ ನಾಲ್ಕು ಜನರಿಗೆ ಆಜ್ಞೆ ಕೊಡುವ ಜಾಗಕ್ಕೆ ಬರುತ್ತೀಯ. ಬೇರೆ ಹೆಂಗಸಿನ ಬಗ್ಗೆ ಇಂಥ ಮಾತು ಬಂದಾಗ, ಇದು ಯಾರ ಬಾಯಿಂದ ಬಂತು, ಯಾರಿಗೆ ಇದರಿಂದ ಅನುಕೂಲ ಎಂದು ಕೇಳುವುದನ್ನು ಈಗಲೇ ರೂಢಿ ಮಾಡಿಕೊ.

ಸ್ವಾನೇತಿಗೆ ಹೋದಾಗ ಈ ಕೊಲೆಗಾತಿಯ ಕತೆಗೆ ಎದುರಾದ ನೆನಪು ನಿನಗೆ ಸಿಗುತ್ತದೆ. ಉಶ್ಗುಲಿ ಎರಡು ಸಾವಿರ ಮೀಟರಿಗೂ ಎತ್ತರದ ಹಳ್ಳಿ, ಎದುರಿಗೆ ಐದು ಸಾವಿರ ಮೀಟರು ಮೀರಿದ ಶ್ಖಾರಾ ಪರ್ವತ. ಮನೆಮನೆಗೂ ಅಂಟಿಕೊಂಡ ಕಲ್ಲಿನ ಕಾವಲು ಗೋಪುರಗಳನ್ನು ನೋಡಲೆಂದೇ ಲೋಕದ ಜನ ಬರುತ್ತಾರೆ. 1996ರಲ್ಲಿ ಯುನೆಸ್ಕೊ ಆ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯೂ ತಮಾರಳ ಕೋಟೆಯೆಂದು ಹೇಳುವ ಅವಶೇಷಗಳಿವೆ, ಅವಳ ಸಮಾಧಿ ತಮ್ಮಲ್ಲೇ ಇದೆ ಎನ್ನುವವರಿದ್ದಾರೆ. ಅವಳ ಮನೆತನದ ಸಮಾಧಿಗಳಿರುವುದು ಗೆಲಾತಿ ಮಠದಲ್ಲಿ. ಅವಳನ್ನು ಜೆರುಸಲೇಮಿಗೆ ಒಯ್ದರು ಎಂಬ ಮಾತೂ ಉಂಟು. ಶತ್ರುಗಳಿಗೆ ಸಿಗದಿರಲೆಂದು ಒಂದೇ ರಾತ್ರಿ ಹಲವು ಶವಪೆಟ್ಟಿಗೆಗಳನ್ನು ಹಲವು ದಿಕ್ಕಿಗೆ ಕಳಿಸಿದರು, ನಿಜವಾದದ್ದು ಯಾವುದೆಂದು ಯಾರಿಗೂ ತಿಳಿಯಲಿಲ್ಲ ಎಂದೂ ಹೇಳುತ್ತಾರೆ. ಆ ಕತೆ ಇರುವುದರಿಂದಲೇ ಪ್ರತಿ ಬೆಟ್ಟವೂ ಅವಳು ನನ್ನ ಹತ್ತಿರ ಇದ್ದಾಳೆ ಎನ್ನಬಹುದು.

ಬೆಟ್ಟದ ಜನರ ಇನ್ನೊಂದು ಕತೆಯಲ್ಲಿ ಅವಳು ಬೆಳಗಿನ ಚುಕ್ಕಿಯನ್ನು ಸೆರೆಹಿಡಿದು ಇಟ್ಟುಕೊಂಡಿದ್ದಳಂತೆ. ಅದು ಸೆರೆಯಲ್ಲಿದ್ದಷ್ಟು ದಿನ ಬೆಟ್ಟದಲ್ಲಿ ಚಳಿಗಾಲವೇ ಇರಲಿಲ್ಲವಂತೆ. ಯಾರೋ ಚುಕ್ಕಿಯನ್ನು ಬಿಟ್ಟುಬಿಟ್ಟರು, ಅಂದಿನಿಂದ ಹಿಮ ಬೀಳತೊಡಗಿತಂತೆ. ವರ್ಷದಲ್ಲಿ ಎಷ್ಟೋ ತಿಂಗಳು ಹಿಮದಲ್ಲಿ ಹೂತುಹೋಗುವ ಹಳ್ಳಿಯ ಜನ ಮಾತ್ರ ಕಟ್ಟಬಹುದಾದ ಕತೆ ಇದು. ಪೂರ್ವದ ಪ್ಶಾವಿ ಬೆಟ್ಟಗಳಲ್ಲಿ ಅವಳನ್ನು ರೋಗ ವಾಸಿ ಮಾಡುವ ದೇವತೆಯೆಂದೇ ಪೂಜಿಸುತ್ತಿದ್ದರು. ಡಾಕ್ಟರು ತಲುಪದ ಕಣಿವೆಯಲ್ಲಿ ಕಾಯಿಲೆ ಬಿದ್ದ ಮಗುವಿನ ತಾಯಿಗೆ ಯಾರನ್ನು ಕೂಗಬೇಕೆಂದು ತೋಚಿತು, ನೋಡು. ವೈದ್ಯಳಾಗಲು ಹೊರಟ ನೀನು ಆ ಕೂಗಿಗೆ ನಗಲಾರೆ ಎಂದು ನನಗೆ ಗೊತ್ತು.

ಒಂದು ಮಾತು ತಪ್ಪು ತಿಳಿಯಬೇಡ. ಕತೆಗೆ ಕಿವಿಗೊಡು ಎಂದರೆ ಕೇಳಿದ್ದನ್ನೆಲ್ಲ ಚರಿತ್ರೆ ಎಂದು ಒಪ್ಪು ಅಂತಲ್ಲ. ಪರೀಕ್ಷಿಸಬಹುದಾದದ್ದನ್ನು ಪರೀಕ್ಷಿಸಲೇಬೇಕು. ಅದಕ್ಕೂ ಅದೇ ದೇಶದ ಇನ್ನೊಬ್ಬ ರಾಣಿ ನಮ್ಮ ನೆರೆಯ ಗೋವಾದಲ್ಲಿ ಒಂದು ದೃಷ್ಟಾಂತ ಬಿಟ್ಟುಹೋಗಿದ್ದಾಳೆ. ತಮಾರಳಿಗಿಂತ ನಾನೂರು ವರ್ಷ ಈಚಿನ ಕೆತೆವಾನ್ ರಾಣಿಯನ್ನು 1624ರಲ್ಲಿ ಪರ್ಷಿಯಾದ ಶಿರಾಜ್‌ನಲ್ಲಿ, ಮತ ಬಿಡಲಿಲ್ಲವೆಂದು ಚಿತ್ರಹಿಂಸೆ ಕೊಟ್ಟು ಕೊಂದರು. ಅವಳ ಮೂಳೆಗಳಲ್ಲಿ ಕೆಲವನ್ನು ಪಾದ್ರಿಗಳು ಹಳೆ ಗೋವಾದ ಸಂತ ಅಗಸ್ಟೀನ್ ಮಠಕ್ಕೆ ತಂದರೆಂದು ಪೋರ್ಚುಗೀಸ್ ಕಡತಗಳಲ್ಲಿತ್ತು. ಮಠ ಕುಸಿದು ಪಾಳಾಗಿತ್ತು. ನಮ್ಮ ಪುರಾತತ್ವ ಇಲಾಖೆಯವರು ಕಡತದ ಜಾಡು ಹಿಡಿದು ಅಲ್ಲಿ ಅಗೆದಾಗ ಮೂಳೆ ಸಿಕ್ಕಿತು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿ, ಇದರ ಗುರುತು ಭಾರತದವರದಲ್ಲ, ಜಾರ್ಜಿಯಾದವರಲ್ಲಿ ಇದೆ ಎಂದು 2013ರಲ್ಲಿ ಹೇಳಿದರು. 2021ರಲ್ಲಿ ಭಾರತ ಆ ಅವಶೇಷದ ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಆ ನಾಡಿನ ಜನ ನಾನೂರು ವರ್ಷ ಮರೆಯದೆ ಇಟ್ಟುಕೊಂಡದ್ದು, ಕಡತ ಬರೆದಿಟ್ಟದ್ದು, ಕಲ್ಲು ಮುಚ್ಚಿಟ್ಟದ್ದು, ಪರೀಕ್ಷೆ ತೋರಿಸಿದ್ದು ನಾಲ್ಕೂ ಒಂದೆಡೆ ಕೂಡಿದವು.

ನೀನು ವಾರ್ಡಿನಲ್ಲಿ ಮಾಡುವುದೂ ಇದೇ ಅಲ್ಲವೇ? ಮೊದಲು ಹಾಸಿಗೆಯ ಪಕ್ಕ ಕೂತು ರೋಗಿಯಿಂದ ಹಿಸ್ಟರಿ ತೆಗೆದುಕೊಳ್ಳುತ್ತೀರಿ. ಆಮೇಲೆ ಮುಟ್ಟಿ ನೋಡುತ್ತೀರಿ, ಆಮೇಲೆ ರಕ್ತಪರೀಕ್ಷೆ, ಎಕ್ಸ್‌ರೇ. "ಎದೆಯಲ್ಲಿ ಬೆಂಕಿ ಇಟ್ಟ ಹಾಗಿದೆ" ಎಂದು ಮುದುಕಿ ಹೇಳಿದರೆ ಎಕ್ಸ್‌ರೇಯಲ್ಲಿ ಬೆಂಕಿ ಕಾಣುವುದಿಲ್ಲ. ಕಾಣಲಿಲ್ಲವೆಂದು ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಒಳ್ಳೆಯ ಡಾಕ್ಟರು ಅನ್ನುವುದಿಲ್ಲ. ಬೆಂಕಿಗೇ ಔಷಧಿಯನ್ನೂ ಬರೆದುಕೊಡುವುದಿಲ್ಲ. ಆ ಮಾತಿನ ಹಿಂದೆ ಯಾವ ನೋವಿದೆ ಎಂದು ಹುಡುಕುತ್ತಾಳೆ. ಪಾಳು ಕೋಟೆಯನ್ನೂ ಹಾಗೇ ನೋಡು. ಕತೆ ಅದರ ಬಾಯಿಮಾತು, ಕಲ್ಲು ಅದರ ಮೈ, ಶಾಸನ ಚಿತ್ರಗಳು ಅದರ ವರದಿ. ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಬೇಡ. ಯಾವುದನ್ನೂ ಹೊರಗೆ ಕಳಿಸಬೇಡ.

ಹೋಗುವಾಗ ಇನ್ನೊಂದು ಕೆಲಸ ಮಾಡು. ಟಿಬಿಲಿಸಿಯಲ್ಲಿ ರುಸ್ತಾವೆಲಿಯ ಹೆಸರಿನ ದೊಡ್ಡ ರಸ್ತೆಯಲ್ಲಿ ದಿನವೂ ಓಡಾಡುತ್ತೀಯಲ್ಲ, ಆ ಶೋತಾ ರುಸ್ತಾವೆಲಿ ತಮಾರಳ ಕಾಲದ ಕವಿ. ಅವನ ಮಹಾಕಾವ್ಯದಲ್ಲಿ ಹುಲಿಚರ್ಮ ಹೊದ್ದ ವೀರ ತಾರಿಯೆಲ್ ಯಾರು ಗೊತ್ತೇ? ಭಾರತದ ರಾಜಕುಮಾರ. ಅವನು ಪ್ರೀತಿಸಿದ ನೆಸ್ತಾನ್ ಭಾರತದ ರಾಜನ ಮಗಳು, ದೂರದ ಕಾಜೆತಿ ಎಂಬ ಕೋಟೆಯಲ್ಲಿ ಸೆರೆಯಾದವಳು. ಮೂವರು ಗೆಳೆಯರು ಸೇರಿ ಅವಳನ್ನು ಬಿಡಿಸುತ್ತಾರೆ. ಅದೇ ಕಾವ್ಯದಲ್ಲಿ ಗಂಡುಮಕ್ಕಳಿಲ್ಲದ ಅರೇಬಿಯಾದ ರಾಜ ತಾನು ಬದುಕಿರುವಾಗಲೇ ಮಗಳಿಗೆ ಪಟ್ಟ ಕಟ್ಟುತ್ತಾನೆ. ಆ ಮಗಳಲ್ಲಿ ಓದುಗರು ತಮಾರಳನ್ನೇ ಕಂಡರು. ರುಸ್ತಾವೆಲಿ ಕಂಡ ಭಾರತ ಕೇಳಿದ ಕತೆಯ ಭಾರತ, ನೀನು ಕಾಣುವ ಜಾರ್ಜಿಯಾ ಕಣ್ಣೆದುರಿನದು. ಅನುವಾದ ಸಿಕ್ಕರೆ ಓದಿಕೊಂಡು ಹೋಗು, ಕೋಟೆಗಳು ಬೇರೆಯಾಗಿ ಕಾಣುತ್ತವೆ.

ಇನ್ನು ನಡೆದುಕೊಳ್ಳುವ ರೀತಿ. ಅಂಗಾಲು ಜಾರದ ಗಟ್ಟಿ ಬೂಟು ಹಾಕಿಕೊ. ಬೆಟ್ಟದಲ್ಲಿ ಬೆಳಗ್ಗೆ ಬಿಸಿಲಿದ್ದರೂ ಮಧ್ಯಾಹ್ನಕ್ಕೆ ಮಳೆ ಬರಬಹುದು, ಸ್ವೆಟರು ಬ್ಯಾಗಿನಲ್ಲೇ ಇರಲಿ. ಗುಡಿಯ ಒಳಗೆ ಹೋಗುವಾಗ ತಲೆಗೆ ದುಪಟ್ಟಾ ಹೊದ್ದುಕೊ, ಅಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ಅವರ ಚರ್ಚು ತಮಾರಳನ್ನು ಸಂತಳೆಂದು ಸ್ವೀಕರಿಸಿದೆ, ಮೇ 14 ಅವಳ ಹಬ್ಬದ ದಿನ. ಫೋಟೋಗೆಂದು ಕುಸಿದ ಗೋಡೆಯ ತುದಿಗೆ ಹತ್ತಬೇಡ. ಎಂಟುನೂರು ವರ್ಷ ನಿಂತ ಕಲ್ಲು ನಿನ್ನ ಕಾಲಿಟ್ಟ ಗಳಿಗೆಯಲ್ಲೇ ಸಡಿಲವಾಗಬಹುದು. ನೆನಪಿಗೆಂದು ಒಂದು ಚೂರು ಕಲ್ಲನ್ನೂ ಎತ್ತಿಕೊಂಡು ಬರಬೇಡ. ನಮ್ಮ ದುರ್ಗದ ಬಂಡೆಗಳ ಮೇಲೆ ಬಾಣ ಚುಚ್ಚಿದ ಹೃದಯ ಕೆತ್ತಿ ಹೋದವರನ್ನು ಕಂಡು ನಾನು ಎಷ್ಟು ಸಲ ಕಣ್ಣೀರು ಹಾಕಿದ್ದೇನೆಂದು ನಿನಗೆ ಗೊತ್ತು. ನಮ್ಮ ನೆಲದ ಮಕ್ಕಳು ಬೇರೆಯವರ ಗೋಡೆಯ ಮೇಲೆ ಹಾಗೆ ಮಾಡಿದರು ಎಂಬ ಮಾತು ಬರಬಾರದು.

ಉಶ್ಗುಲಿಯಲ್ಲಿ ನೀವು ಉಳಿಯುವ ಮನೆಯಲ್ಲಿ ಯಾರಾದರೂ ಮುದುಕಿ ಇದ್ದೇ ಇರುತ್ತಾಳೆ. ಅಡುಗೆಮನೆಯ ಒಲೆಯ ಹತ್ತಿರ ಅವಳ ಪಕ್ಕ ಕೂತು ತಮಾರ್ ಮೆಪೆಯ ಕತೆ ಕೇಳು. ನಡುವೆ ಬಾಯಿ ಹಾಕಬೇಡ, ಇದು ಎಲ್ಲಿ ಬರೆದಿದೆ ಎಂದು ಕೇಳಬೇಡ. ಕೇಳಿದ್ದನ್ನು ಅವತ್ತೇ ರಾತ್ರಿ ನೋಟ್ ಪುಸ್ತಕದಲ್ಲಿ ಅವಳು ಹೇಳಿದ ಹಾಗೇ ಬರೆದಿಡು. ಕೋಟೆಯ ಬಗ್ಗೆ ನಿನಗೆ ಅನ್ನಿಸಿದ್ದನ್ನು ಬೇರೆ ಪುಟದಲ್ಲಿ ಬರೆ.

ಮತ್ತೆ, ಆ ಮುದುಕಿಯ ಹೆಸರು ಕೇಳಿ ಪುಟದ ಮೇಲೆ ಬರೆದುಕೊ. ನಾನು ಓಬವ್ವನ ಕಿಂಡಿಯ ಹತ್ತಿರದ ಆ ಕಡಲೆಕಾಯಿ ಅಜ್ಜಿಯ ಹೆಸರು ಕೇಳಲಿಲ್ಲ. ಮರು ವರ್ಷ ಮಕ್ಕಳನ್ನು ಕರೆದುಕೊಂಡು ಹೋದಾಗ ಅವಳಿಗಾಗಿ ಹುಡುಕಿದೆ. ಅವಳು ಅಲ್ಲಿರಲಿಲ್ಲ.

ಹುಷಾರಾಗಿ ಹೋಗಿ ಬಾ.

ನಿನ್ನ ದೊಡ್ಡಮ್ಮ